ಹಡಗಿನ ಮಾದರಿ ಕೆಡುವುದು ಅಂಟು ಹಚ್ಚುವ ಮೊದಲೇ

ಮಾನ್ಯ ಸಂಪಾದಕರೇ,

ಹಲಗೆಗಳನ್ನು ಹಗ್ಗದಿಂದ ಹೊಲಿದು ಕಟ್ಟಿದ ಹಾಯಿಹಡಗು ‘ಕೌಂಡಿನ್ಯ’ 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ ಮೇಲೆ ಮರದ ಹಡಗಿನ ಮಾದರಿ ಮಾಡಬೇಕೆಂಬ ಆಸೆ ಹಲವರಲ್ಲಿ ಮೂಡಿದೆ. ಸಂತೋಷದ ವಿಷಯ. ಆದರೆ ದುಡ್ಡು ಕೊಟ್ಟು ತರಿಸಿದ ಕಿಟ್ (ಮಾದರಿಯ ಬಿಡಿಭಾಗಗಳ ಪೆಟ್ಟಿಗೆ) ಅರ್ಧಕ್ಕೇ ನಿಂತು ಅಟ್ಟ ಸೇರುವುದೂ ಸಾಮಾನ್ಯವೇ. ಹಾಯಿ ಕಟ್ಟುವ ಕೂವೆಮರ, ಹಗ್ಗಗಳ ಗೋಜಲು ಕಂಡು ಜನ ಹೆದರುತ್ತಾರೆ. ಕೆಲಸ ಕೈಕೊಡುವುದು ಅದಕ್ಕೂ ಬಹಳ ಮೊದಲು, ಒಡಲಿಗೆ ಹಲಗೆ ಹೊದಿಸುವಾಗ. ಹೊಸಬರಿಗೆ ನೆರವಾಗಲೆಂದು ಈ ಪತ್ರ.

ಕಿಟ್‌ಗಳಲ್ಲಿ ಕೀಲ್ ಎನ್ನುವ ತಳದ ಉದ್ದಹಲಗೆ ಪ್ಲೈವುಡ್‌ನದು. ಅದರ ಸೀಳುಗಳಲ್ಲಿ ಅಡ್ಡ ಚೌಕಟ್ಟುಗಳು ಕೂರುತ್ತವೆ. ಮೊದಲು ಕೀಲನ್ನು ಗಾಜಿನ ಮೇಲೆ ಮಲಗಿಸಿ ನೋಡಿ. ಸೊಟ್ಟಗಿದ್ದರೆ ಆಗಲೇ ಬದಲಿಸಬೇಕು, ಹಲಗೆ ಹೊದಿಸಿದ ಮೇಲೆ ಅದನ್ನು ನೆಟ್ಟಗೆ ಮಾಡಲಾಗದು. ಚೌಕಟ್ಟುಗಳ ಅಂಚನ್ನು ಯಂತ್ರ ನೇರವಾಗಿ ಕತ್ತರಿಸಿರುತ್ತದೆ. ಒಡಲು ಒಳಸರಿಯುವ ಮುಂದಿನ ಮತ್ತು ಹಿಂದಿನ ತುದಿಗಳಲ್ಲಿ ಆ ಅಂಚುಗಳನ್ನು ಓರೆಯಾಗಿ ಉಜ್ಜಲೇಬೇಕು. ಉದ್ದನೆಯ ಮರದ ತುಂಡಿಗೆ 80 ನಂಬರಿನ ಉಪ್ಪು ಕಾಗದ ಅಂಟಿಸಿಕೊಂಡು, ಒಮ್ಮೆಗೆ ಎರಡು ಮೂರು ಚೌಕಟ್ಟುಗಳಿಗೆ ತಾಗುವಂತೆ ಉಜ್ಜಬೇಕು. ಆಮೇಲೆ ಒಂದು ಹಲಗೆಪಟ್ಟಿಯನ್ನು ಕನಿಷ್ಠ 3 ಚೌಕಟ್ಟುಗಳ ಮೇಲೆ ಹಿಡಿದು ಪರೀಕ್ಷಿಸಿ. ಅಂಚಿನ ಪೂರ್ತಿ ದಪ್ಪಕ್ಕೆ ಪಟ್ಟಿ ಕೂತರೆ ಸರಿ. ಒಂದು ಮೂಲೆಗಷ್ಟೇ ತಾಗಿದರೆ ಇನ್ನೂ ಉಜ್ಜಬೇಕು. ನಡುವಿನ ಚೌಕಟ್ಟಿಗೆ ತಾಗದೇ ಹೋದರೆ ಅಲ್ಲಿ ತೆಳು ಮರದ ಪಟ್ಟಿ ಅಂಟಿಸಿ ಎತ್ತರಿಸಬೇಕು. ಈ ಕೆಲಸಕ್ಕೆ ವಾರ ಹಿಡಿದರೂ ಹಿಡಿಯಲಿ.

ಇನ್ನು ಲೆಕ್ಕ. ಕಿಟ್‌ನಲ್ಲಿ ಬರುವ ಪಟ್ಟಿಗಳೆಲ್ಲ ಒಂದೇ ಅಗಲ, ಹಡಗಿನ ಒಡಲು ಹಾಗಿಲ್ಲ. ನಡುವಿನ ಚೌಕಟ್ಟಿನ ಮೇಲೆ ಡೆಕ್ಕಿನಿಂದ ಕೀಲ್‌ವರೆಗೆ ಕಾಗದದ ಪಟ್ಟಿ ಸುತ್ತಿ ಅಳೆಯಿರಿ. 120 ಮಿ.ಮೀ. ಬಂದರೆ 5 ಮಿ.ಮೀ. ಅಗಲದ 24 ಪಟ್ಟಿ ಬೇಕು. ಮೂತಿಯ, ಅಂದರೆ ಮುಂದಿನ ತುದಿಯ, ಹತ್ತಿರ ಅದೇ ಅಳತೆ 66 ಮಿ.ಮೀ. ಇದ್ದರೆ ಪ್ರತಿ ಪಟ್ಟಿಯೂ ಅಲ್ಲಿ 2.75 ಮಿ.ಮೀ.ಗೆ ಕಿರಿದಾಗಬೇಕು. ಪಟ್ಟಿಯನ್ನು ಅರ್ಧ ಅಗಲಕ್ಕಿಂತ ಕಿರಿದು ಮಾಡಬಾರದು. ಮೂತಿಯಲ್ಲಿ 48 ಮಿ.ಮೀ. ಮಾತ್ರ ಇದ್ದರೆ 19 ಪಟ್ಟಿಗಳಿಗಷ್ಟೇ ಜಾಗ. ಉಳಿದ 5 ಪಟ್ಟಿ ಅದಕ್ಕೂ ಮೊದಲೇ, ಯಾವುದಾದರೂ ಚೌಕಟ್ಟಿನ ಮೇಲೆ, ಪಕ್ಕದ ಪಟ್ಟಿಯಲ್ಲಿ ಕಚ್ಚು ಕೊರೆದು ಅದರೊಳಗೆ ಕೊನೆಯಾಗಬೇಕು. ಸೂಜಿಮೊನೆಯ ಹಾಗೆ ಚೂಪು ಮಾಡಿ ತುರುಕುವುದು ತಪ್ಪು. ನಿಜವಾದ ಹಡಗಿನಲ್ಲಿ ಅಂಥ ತುದಿ ಮೊಳೆಯನ್ನೂ ಹಿಡಿಯದು, ಸಂದಿಗೆ ತುಂಬುವ ನಾರನ್ನೂ ಹಿಡಿಯದು. ಹಿಂಭಾಗದಲ್ಲಿ ಇದು ತಿರುವುಮುರುವು: ಕೀಲಿನ ಬಳಿ ಜಾಗ ಹೆಚ್ಚಾಗುತ್ತದೆ, ಅಲ್ಲಿ ಬೆಣೆಯಂಥ ಹೆಚ್ಚುವರಿ ಪಟ್ಟಿ ಸೇರಿಸಬೇಕು.

ಈ ಲೆಕ್ಕ ಹಾಕದವರು ಅದೇ ಅಗಲದ ಪಟ್ಟಿಯನ್ನು ಮೂತಿಯಲ್ಲಿ ಬಲವಂತವಾಗಿ ಕೆಳಕ್ಕೆ ಒತ್ತುತ್ತಾರೆ. ಪಟ್ಟಿ ದಪ್ಪದ ದಿಕ್ಕಿಗೆ ಬಾಗುತ್ತದೆ, ಅಗಲದ ದಿಕ್ಕಿಗೆ ಬಾಗದು. ಒತ್ತಿದರೆ ಒಂದು ಅಂಚು ಎದ್ದು ನಿಲ್ಲುತ್ತದೆ. ಅದರ ಮೇಲಿನ ಪ್ರತಿ ಪಟ್ಟಿಯೂ ಆ ತಪ್ಪನ್ನು ಹೊತ್ತು ಬರುತ್ತದೆ.

1.5 ಮಿ.ಮೀ. ದಪ್ಪದ ಪಟ್ಟಿಯನ್ನು 15–20 ನಿಮಿಷ ನೀರಿನಲ್ಲಿ ನೆನೆಸಿದರೆ ಸಾಕು. ಬಾಗಿಸಿ, ಕ್ಲಿಪ್ ಹಾಕಿ, ರಾತ್ರಿಯೆಲ್ಲ ಒಣಗಲು ಬಿಟ್ಟು ಮರುದಿನ ಅಂಟಿಸಬೇಕು. ಒದ್ದೆ ಮರ ಅಗಲಕ್ಕೆ ಉಬ್ಬಿರುತ್ತದೆ. ಹಾಗೇ ಅಂಟಿಸಿದರೆ ಒಣಗಿದ ಮೇಲೆ ಕುಗ್ಗಿ ಸಂದಿ ಬಿಡುತ್ತದೆ. ಎಡಕ್ಕೊಂದು ಪಟ್ಟಿ ಹಾಕಿದರೆ ಬಲಕ್ಕೊಂದು ಹಾಕಬೇಕು. ಒಂದೇ ಮಗ್ಗುಲು ಮುಗಿಸಲು ಹೊರಟರೆ ಕೀಲ್ ಆ ಕಡೆಗೆ ಎಳೆದುಕೊಳ್ಳುತ್ತದೆ.

ಮರದ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. 1817ರಲ್ಲಿ ಮುಂಬೈಯಲ್ಲಿ ತೇಗದಿಂದ ಕಟ್ಟಿದ ‘ಟ್ರಿಂಕೋಮಲಿ’ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಹಾಗೆಂದು ಅದರ ಮಾದರಿಗೆ ತೇಗ ತಕ್ಕುದಲ್ಲ. 1:64ರ (ಮೂಲದ 64ನೇ ಒಂದು ಭಾಗದ) ಅಳತೆಗೆ ತೇಗದ ಎಳೆ, ರಂಧ್ರಗಳು ತೀರಾ ದೊಡ್ಡದಾಗಿ ಕಾಣುತ್ತವೆ, ಎಣ್ಣೆಯಂಶ ಅಂಟನ್ನು ಹಿಡಿಯಗೊಡದು. ಎಳೆ ಸಣ್ಣದಿರುವ ಮರ ಬೇಕು. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರ ರಾಟೆ, ಪೀಪಾಯಿ, ಫಿರಂಗಿಯಂಥ ಸಣ್ಣ ಭಾಗಗಳನ್ನು ಕಡೆಯಲು ಬಹಳ ಚೆನ್ನ.

ಹಗ್ಗದಲ್ಲಿ ಒಂದೇ ಎಚ್ಚರಿಕೆ: ಹಳೆಯ ಇಂಗ್ಲಿಷ್ ಕೋಷ್ಟಕಗಳು ಕೊಡುವುದು ಹಗ್ಗದ ಸುತ್ತಳತೆಯನ್ನು, ವ್ಯಾಸವನ್ನಲ್ಲ. 12 ಇಂಚಿನ ಹಗ್ಗ ಎಂದರೆ ವ್ಯಾಸ 3.8 ಇಂಚು, 1:64ರಲ್ಲಿ ಅದು 1.5 ಮಿ.ಮೀ. ದಾರ. ಇದನ್ನು ಗಮನಿಸದಿದ್ದರೆ ಹಗ್ಗ ಮೂರು ಪಟ್ಟು ದಪ್ಪವಾಗುತ್ತದೆ.

‘ಕೌಂಡಿನ್ಯ’ದ ಮಾದರಿಗೆ ಕಿಟ್‌ನ ಈ ಕ್ರಮ ನೇರವಾಗಿ ಹೊಂದದು. ಅಲ್ಲಿ ಮೊದಲು ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಒಡಲು ಮಾಡುತ್ತಾರೆ, ಒಳಗಿನ ಪಕ್ಕೆಮರಗಳು ಬರುವುದು ಆಮೇಲೆ. ಹಾಗಾಗಿ ಮಾದರಿಯಲ್ಲಿ ಅಡ್ಡ ಚೌಕಟ್ಟುಗಳನ್ನು ತಾತ್ಕಾಲಿಕ ಅಚ್ಚಾಗಿ ಮಾತ್ರ ಇಟ್ಟು, ಹೊಲಿಗೆ ಮುಗಿದ ಮೇಲೆ ತೆಗೆಯಬೇಕು. ಹಲಗೆಗಳ ಎದುರುಬದುರು ಅಂಚಿನ ತೂತುಗಳು ಒಂದಕ್ಕೊಂದು ಸರಿಯಾಗಿ ಕೂಡದಿದ್ದರೆ ದಾರ ಓರೆಯಾಗಿ ಎಳೆದು ಹಲಗೆ ಜಾರುತ್ತದೆ. ಆದ್ದರಿಂದ ಎರಡು ಹಲಗೆಗೂ ಒಂದೇ ತಗಡಿನ ಅಚ್ಚಿಟ್ಟು ತೂತು ಕೊರೆಯಬೇಕು. ಮೂಲ ಹಡಗಿನ ಉದ್ದ 19.6 ಮೀಟರ್, ಅಗಲ 6.5 ಮೀಟರ್. 1:25ರಲ್ಲಿ ಮಾಡಿದರೆ 78 ಸೆಂ.ಮೀ. ಉದ್ದ, 26 ಸೆಂ.ಮೀ. ಅಗಲ. ಇದಕ್ಕಿಂತ ಚಿಕ್ಕದಾದರೆ ಹೊಲಿಗೆ ಹಾಕುವುದು ಕಷ್ಟ.

ಇದರ ಹಾಯಿಯ ಮೇಲೆ ನಮ್ಮ ರಾಜ್ಯ ಲಾಂಛನದ ಗಂಡಭೇರುಂಡವಿದೆ. ಅಡ್ಡಛೇದ ಸಹಿತವಾದ ಇದರ ಪ್ರಮಾಣಬದ್ಧ ನಕ್ಷೆ, ಕನ್ನಡ ವಿವರಣೆಯೊಂದಿಗೆ, ಶಾಲೆಗಳಿಗೂ ಹವ್ಯಾಸಿಗಳಿಗೂ ಸುಲಭವಾಗಿ ಸಿಗುವಂತೆ ಸಂಬಂಧಪಟ್ಟವರು ಏರ್ಪಾಡು ಮಾಡಬೇಕು. ಛಾಯಾಚಿತ್ರ ನೋಡಿ ಒಡಲಿನ ತಿರುವು ಅಳೆಯಲಾಗದು.

– ಮಾದರಿ ಹಡಗು ಹವ್ಯಾಸಿಗಳು, ಕಾರವಾರ