ಎಂಜಿನ್ ತಣ್ಣಗಿರುವಾಗಲೇ ಹೋಗು

ನವನಗರ, ಬಾಗಲಕೋಟೆ

ಚಿ. ಸುಮಾಳಿಗೆ ಅಪ್ಪನ ಅನೇಕ ಆಶೀರ್ವಾದಗಳು.

ಬೆಳಗಾವಿಯ ಟಿಳಕವಾಡಿಯಲ್ಲಿ ನೋಡಿದ ಕಾರು ಮನಸ್ಸಿಗೆ ಬಂದಿದೆ, 2019ರ ಗಾಡಿ, ಬರೀ 18,000 ಕಿ.ಮೀ. ಓಡಿದೆ ಎಂದು ನೀನು ಫೋನಿನಲ್ಲಿ ಹೇಳಿದೆ. ಓಡಿಸಿ ನೋಡಿದೆಯಾ ಎಂದು ಕೇಳಿದರೆ, ಅವರ ಓಣಿಯಲ್ಲೇ ಒಂದು ಸುತ್ತು ಹಾಕಿದೆ ಎಂದೆ. ಆ ಒಂದು ಸುತ್ತು ಸಾಲದು ಎಂದು ಹೇಳಲಿಕ್ಕೇ ಈ ಪತ್ರ.

ನಾವು ಮೊದಲ ಕಾರು ಕೊಂಡಾಗ ನೀನು ಏಳನೆಯ ಇಯತ್ತೆಯಲ್ಲಿದ್ದೆ. ಅದೂ ಸೆಕೆಂಡ್ ಹ್ಯಾಂಡ್ ಗಾಡಿಯೇ. ಮಾರುವವನು ಮನೆಯ ಮುಂದೆ ತಂದು ನಿಲ್ಲಿಸಿದ್ದನ್ನು ನವನಗರದ ಸಪಾಟು ರಸ್ತೆಯಲ್ಲಿ ಎರಡು ಸೆಕ್ಟರ್ ಸುತ್ತಿಸಿ ಬಂದು, ಅಂದೇ ಮುಂಗಡ ಕೊಟ್ಟುಬಿಟ್ಟೆ. ತಿಂಗಳೊಳಗೆ ನಿಪ್ಪಾಣಿಯ ಮದುವೆ ಮುಗಿಸಿ, ನಿನ್ನ ಸೋದರತ್ತೆಯನ್ನು ಬೆಳಗಾವಿಗೆ ಬಿಡಲು ಹೊರಟಾಗ, ವಂಟಮುರಿ ಘಾಟಿನ ಏರಿನಲ್ಲಿ ಎಂಜಿನ್ನಿನ ಸದ್ದು ಏರುತ್ತಿತ್ತೇ ಹೊರತು ಗಾಡಿ ಮುಂದೆ ಹೋಗುತ್ತಿರಲಿಲ್ಲ. ಕ್ಲಚ್ ಪ್ಲೇಟ್ ಸುಟ್ಟ ವಾಸನೆಗೆ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸವೆದ ಕ್ಲಚ್ ಸಪಾಟು ರಸ್ತೆಯಲ್ಲಿ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ.

ಆದ್ದರಿಂದ ದಾರಿಯನ್ನು ಮಾರುವವರು ಆರಿಸಬಾರದು, ನೀನು ಆರಿಸಬೇಕು. ಬೆಳಿಗ್ಗೆ ಬೇಗ ಹೋಗಿ, ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡು. ಅದು ಬೆಚ್ಚಗಿದ್ದರೆ ನೀನು ಬರುವ ಮೊದಲೇ ಯಾರೋ ಎಂಜಿನ್ ಚಾಲೂ ಮಾಡಿದ್ದಾರೆಂದು ಅರ್ಥ. ಇನ್ನೊಂದು ದಿನ ಬರುತ್ತೇನೆಂದು ಹೇಳಿ ಎದ್ದು ಬಾ. ಬ್ಯಾಟರಿಯ ನಿಶ್ಶಕ್ತಿ, ಮೊದಲ ಕ್ಷಣದ ಕಟಕಟ ಸದ್ದು, ಆಯಿಲ್ ಸುಡುವಾಗ ಬರುವ ನೀಲಿ ಹೊಗೆ, ಇವು ತಣ್ಣಗಿನ ಎಂಜಿನ್ನಿನಲ್ಲೇ ಚೆನ್ನಾಗಿ ತಿಳಿಯುತ್ತವೆ. ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ, ಮತ್ತು ಚಾಲ್ತಿಯಲ್ಲಿರುವ ವಿಮೆಯ ಕಾಗದ ಕಣ್ಣಾರೆ ಕಂಡ ಮೇಲೆಯೇ ಸ್ಟಿಯರಿಂಗ್ ಮುಟ್ಟು.

ಅಲ್ಲಿಂದ ನೇರವಾಗಿ ಕಪಿಲೇಶ್ವರದ ರೈಲ್ವೆ ಮೇಲ್ಸೇತುವೆಗೆ ನಡೆ. ಅದರ ಏರಿನಲ್ಲಿ ಮುಂದಿನ ರಿಕ್ಷಾ ನಿಂತಾಗ ನೀನೂ ನಿಲ್ಲಬೇಕಾಗುತ್ತದೆ; ಆಗ ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆಯೇ, ಹಾಫ್ ಕ್ಲಚ್ಚಿನಲ್ಲಿ, ಅಂದರೆ ಕ್ಲಚ್ ಅರ್ಧ ಬಿಟ್ಟಾಗ, ಹಿಂದೆ ಜಾರದೆ ಹೊರಡುತ್ತದೆಯೇ ನೋಡು. ಆಮೇಲೆ ವಾಹನಗಳಿಲ್ಲದ ನೇರ ರಸ್ತೆಯಲ್ಲಿ ಸ್ಟಿಯರಿಂಗನ್ನು ಹಗುರವಾಗಿ ಹಿಡಿದು ಬ್ರೇಕ್ ಒತ್ತು. ಗಾಡಿ ಒಂದು ಬದಿಗೆ ಎಳೆಯಬಾರದು. ಹಾಡು ಹಚ್ಚಿದರೆ ಬಂದ್ ಮಾಡಲು ಹೇಳು. ಮಾರುವವರು ಪಕ್ಕದಲ್ಲಿ ಕುಳಿತು ಬಹಳ ಮಾತನಾಡುತ್ತಾರೆ, ಅದಕ್ಕೆ ಉಪಾಯವಿಲ್ಲ.

ಇನ್ನೊಂದು ಪರೀಕ್ಷೆ ನಮ್ಮ ಊರಿನ ದಾರಿಗೇ ಸೇರಿದ್ದು. ಹದಿನೈದು ದಿನಕ್ಕೊಮ್ಮೆ ನೀನು ಬರುವ ಯರಗಟ್ಟಿ–ಲೋಕಾಪುರದ ರಸ್ತೆಯಲ್ಲಿ, ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳನ್ನು ದಾಟಬೇಕಲ್ಲ! ನಾಲ್ಕು ಜನ ಕುಳಿತು ಎಸಿ ಹಚ್ಚಿದಾಗಲೂ ಮೂರನೆಯ ಗೇರಿನಲ್ಲಿ ಒತ್ತಿದ ಕೂಡಲೇ ಗಾಡಿ ಎಳೆಯುತ್ತದೆಯೇ ಎಂಬುದನ್ನು ನೀನೊಬ್ಬಳೇ ಓಡಿಸಿದರೆ ತಿಳಿಯಲಾರೆ.

ಹಿಂತಿರುಗಿ ಬಂದ ಮೇಲೆ ಬಗ್ಗಿ ಟೈರ್ ನೋಡು. ಅದರ ಬದಿಯಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ಟೈರ್ ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2322 ಎಂದಿದ್ದರೆ 2022ರ 23ನೆಯ ವಾರದ ಟೈರ್. ನಾಲ್ಕೂ ಹಾಗಿದ್ದರೆ, ಬರೀ 18,000 ಕಿ.ಮೀ. ಓಡಿದ ಗಾಡಿಗೆ ಹೊಸ ಟೈರ್ ಏಕೆ ಬೇಕಾಯಿತೆಂದು ಮೆಲ್ಲಗೆ ಕೇಳು. ಉತ್ತರಕ್ಕಿಂತ ಮೊದಲು ಅವರ ಮುಖ ನೋಡು.

ಶನಿವಾರ ಮೊದಲ ಬಸ್ಸಿಗೆ ನಾನೂ ಅವ್ವನೂ ಬರುತ್ತೇವೆ. ನೀನು ಓಡಿಸು, ನಾವು ಹಿಂದೆ ಕೂರುತ್ತೇವೆ. ಆಕೆಯ ಮೊಣಕಾಲು ಹೆಚ್ಚು ಮಡಚದೆ ಒಳಗೆ ಕೂರಲು ಆಗುತ್ತದೆಯೇ ಎಂಬುದನ್ನೂ ನೋಡಬೇಕಾಗಿದೆ. ಅಲ್ಲಿಯವರೆಗೆ ಅವರಿಗೆ ಮುಂಗಡ ಕೊಡಬೇಡ.

ನಿನ್ನ ಅಪ್ಪ