ಪ್ರಾಸಪದ ಪಟ್ಟಿ ಮಾಡಿದರೆ ಪದ್ಯ ಓದಿದಂತಲ್ಲ

ಮಾನ್ಯ ಸಂಪಾದಕರೇ,

ಪ್ರಾಣಿಗಳ ಮೇಲಿನ ಶಿಶುಗೀತೆಗೆ ಶಾಲಾ ಪಠ್ಯದ ಅಭ್ಯಾಸದಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಪ್ರಶ್ನೆ: ‘ಪ್ರಾಸಪದಗಳನ್ನು ಆರಿಸಿ ಬರೆಯಿರಿ’. ಮಗು ‘ಓಡಿತು–ಬಂದಿತು’ ಎಂದು ಬರೆದರೂ ಅಂಕ ಸಿಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುವುದರಿಂದ ‘ಇತು’ ತಾನಾಗಿ ಹೊಂದಿಬಿಡುತ್ತದೆ. ಅದರಲ್ಲಿ ಕವಿಯ ಕೆಲಸವೇನೂ ಇಲ್ಲ. ‘ಓಡಿತು–ಹಾಡಿತು’ ಎಂದಾಗ ‘ಡಿ’ಯೂ ಅದರ ಹಿಂದಿನ ದೀರ್ಘವೂ ಕೂಡುತ್ತವೆ. ಅಂತ್ಯಪ್ರಾಸ ಎನ್ನಬೇಕಾದದ್ದು ಅದನ್ನು.

ಪ್ರಾಸಕ್ಕೂ ಮೊದಲು ಎಣಿಸಬೇಕಾದದ್ದು ಮಾತ್ರೆ, ಅಂದರೆ ಅಕ್ಷರವನ್ನು ಉಚ್ಚರಿಸಲು ಹಿಡಿಯುವ ಕಾಲದ ಅಳತೆ. ಉದಾಹರಣೆಗೆಂದೇ ಕಟ್ಟಿದ ಎರಡು ಸಾಲು:

ಅಳಿಲೇ | ಅಳಿಲೇ | ಮರದಲಿ | ಏನು
ಇಳಿಯದೆ | ಮೇಲೇ | ಕುಳಿತಿಹೆ | ನೀನು

ಲಘುವಿಗೆ (ಹ್ರಸ್ವಾಕ್ಷರ) 1, ಗುರುವಿಗೆ (ದೀರ್ಘಾಕ್ಷರ, ಇಲ್ಲವೇ ಒತ್ತಕ್ಷರದ ಹಿಂದಿನ ಅಕ್ಷರ) 2 ಮಾತ್ರೆಯಂತೆ ಪ್ರತಿ ಗಣಕ್ಕೂ (ಗೆರೆಗಳ ನಡುವಿನ ಭಾಗ) 4. ಕೊನೆಯ ‘ನು’ ಲಘುವೇ. ಸಾಲಿನ ತುದಿಯಲ್ಲಿ ಎಳೆದು ಓದುವುದರಿಂದ ಗುರುವಾಗುತ್ತದೆ. ಎರಡನೆಯ ಅಕ್ಷರ ಎರಡೂ ಸಾಲಿನಲ್ಲಿ ‘ಳಿ’, ಅದರ ಹಿಂದಿನ ಅ, ಇ ಎರಡೂ ಲಘು. ಹಾಗಾಗಿ ಆದಿಪ್ರಾಸವೂ ಇದೆ. ‘ಇಳಿಯದೆ’ ಬದಲು ‘ಏಳದೆ’ ಎಂದಿದ್ದರೆ ಮಾತ್ರೆ 4 ಉಳಿಯುತ್ತಿತ್ತು, ಳಕಾರವೂ ಇರುತ್ತಿತ್ತು, ಆದರೆ ಹಿಂದಿನ ಅಕ್ಷರ ಗುರುವಾಗಿ ಆದಿಪ್ರಾಸ ಕೆಡುತ್ತಿತ್ತು.

ಅಳಿಲಿನ ಜಾಗಕ್ಕೆ ಬೇರೆ ಪ್ರಾಣಿ ತಂದು ನೋಡಿ. ‘ಮೊಲವೇ’ ಮಾತ್ರೆಗೆ ಸರಿಯಾಗಿ ಕೂರುತ್ತದೆ. ‘ಆನೆಯೇ’ 5 ಮಾತ್ರೆ, ಸಾಲು ಕುಂಟುತ್ತದೆ. ‘ಆನೇ’ ಎಂದು ಕೂಗಿ ಕರೆದರೆ ಮತ್ತೆ 4. (ಮರದ ಮೇಲೆ ಆನೆಗೇನು ಕೆಲಸ ಎಂಬುದು ಬೇರೆ ಮಾತು; ಮಕ್ಕಳು ನಗುವುದೇ ಅದಕ್ಕೆ.)

ಹೆಚ್ಚಿನವರು ಎಡವುವುದು ಒತ್ತಕ್ಷರದಲ್ಲಿ. ‘ಬೆಕ್ಕು’ ಪದದಲ್ಲಿ ಗುರು ‘ಬೆ’, ‘ಕ್ಕು’ ಅಲ್ಲ. ಗುರುತು ತಪ್ಪಿ ಹಾಕಿದರೂ ಮೊತ್ತ 3 ಬರುವುದರಿಂದ ತಪ್ಪು ಬಯಲಾಗುವುದಿಲ್ಲ. ‘ಬೆಕ್ಕೇ’ ಎಂದಾಗ ಸಿಕ್ಕಿಬೀಳುತ್ತದೆ: ಬರಬೇಕಾದದ್ದು 4, ಅವರಿಗೆ ಬರುವುದು 3.

ಇನ್ನು ಪುನರಾವರ್ತನೆ. ಮೇಲಿನ ಸಾಲಿನ ಒಂದು ‘ಅಳಿಲೇ’ ತೆಗೆದರೆ ಅರ್ಥಕ್ಕೆ ನಷ್ಟವಿಲ್ಲ, ಒಂದು ಗಣ ಮಾತ್ರ ಹೋಗುತ್ತದೆ. ‘ಮೆಲ್ಲ ಮೆಲ್ಲ ಬಂತು ಬೆಕ್ಕು’ ಎಂಬ 3 ಮಾತ್ರೆಯ ಗಣಗಳ ಸಾಲಿನಿಂದ ಒಂದು ‘ಮೆಲ್ಲ’ ತೆಗೆದರೆ ಗಣದ ಜೊತೆಗೆ ಬೆಕ್ಕಿನ ನಡಿಗೆಯ ನಿಧಾನವೂ ಹೋಗುತ್ತದೆ. ಪ್ರಾಸಪದದ ಪಟ್ಟಿಯ ಬದಲು ಕೇಳಬಹುದಾದ ಪ್ರಶ್ನೆ ಹೀಗಿರಲಿ: ‘ಎರಡು ಸಲ ಬಂದ ಪದವನ್ನು ಒಂದು ಸಲ ಬಿಟ್ಟು, ಚಪ್ಪಾಳೆ ತಟ್ಟುತ್ತಾ ಓದಿ. ಕೆಟ್ಟದ್ದು ಲಯವೋ, ಅರ್ಥವೋ, ಎರಡೂವೋ?’

ಇಂತಿ,
ಕೆಲವು ಕನ್ನಡ ಅಧ್ಯಾಪಕರು