ರ‍್ಯಾಗ್‌ವರ್ಟ್ ಗಿಡವನ್ನು ಕೀಳದಿರುವ ಕುರಿತು

ಇಂಗ್ಲೆಂಡಿನ ಬೇಸಿಗೆ ನಡಿಗೆಗೆ ಬರುವ ಸದಸ್ಯರ ಗಮನಕ್ಕೆ: ಜುಲೈ ವೇಳೆಗೆ ಹುಲ್ಲುಗಾವಲುಗಳ ಅಂಚಿನಲ್ಲಿ, ನಮ್ಮ ಹುಚ್ಚೆಳ್ಳಿನ ಹೊಲವನ್ನು ನೆನಪಿಸುವಂತೆ ಹಳದಿ ಹೂಗೊಂಚಲು ಹೊತ್ತು ನಿಲ್ಲುವ ಗಿಡ ರ‍್ಯಾಗ್‌ವರ್ಟ್, ಸೇವಂತಿಗೆಯ ಕುಟುಂಬದ ಈ ಕಳೆಯನ್ನು ದಯವಿಟ್ಟು ಕೀಳಬೇಡಿ. ಇದರಲ್ಲಿರುವ ವಿಷಕಾರಿ ಸಸ್ಯರಾಸಾಯನಿಕಗಳಾದ ಆಲ್ಕಲಾಯ್ಡ್‌ಗಳು ಕುದುರೆ, ದನಗಳ ಯಕೃತ್ತನ್ನು ಹಾಳುಮಾಡುತ್ತವೆ. ಹಸಿಗಿಡ ಕಹಿಯಾದ್ದರಿಂದ ಅವು ಸಾಮಾನ್ಯವಾಗಿ ಅದಕ್ಕೆ ಬಾಯಿ ಹಾಕುವುದಿಲ್ಲ. ಒಣಗಿದಾಗ ಕಹಿ ಕುಗ್ಗಿದರೂ ವಿಷ ಉಳಿಯುವುದರಿಂದ, ನಿಂತ ಗಿಡಕ್ಕಿಂತ ನಾವು ಕಿತ್ತು ಬಿಸುಟ ಗಿಡವೇ ಹೆಚ್ಚು ಅಪಾಯಕಾರಿ. ಜಮೀನಿನ ಒಡೆಯರ ಅನುಮತಿಯಿಲ್ಲದೆ ಕಾಡುಗಿಡವನ್ನು ಬೇರುಸಹಿತ ಕೀಳುವುದು ಅಲ್ಲಿನ 1981ರ ವನ್ಯಜೀವಿ ಕಾಯಿದೆಯಂತೆ ಅಪರಾಧವೂ ಹೌದು. ಎಲೆಗಳ ಮೇಲೆ ಕಾಣುವ ಕಪ್ಪು-ಹಳದಿ ಪಟ್ಟೆಯ ಹುಳುಗಳು ಸಿನಬಾರ್ ಪತಂಗದ ಮರಿಗಳು. ಗಿಡದ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳಿಂದ ಪಾರಾಗುವ ಇವುಗಳ ಫೋಟೊಗಳನ್ನು ಮಾತ್ರ ಧಾರಾಳವಾಗಿ ಇಲ್ಲಿ ಹಂಚಿಕೊಳ್ಳಿ.